ಫೋಟೊ ಹಾಕಿದ ಮೊಳೆ

ಆಗಸ್ಟ್ ೧೨, ಮಂಗಳವಾರ. ಹೊಣಕೆರೆ

ಹಾಲ್‌ನ ಟ್ಯೂಬ್‌ಲೈಟ್ ಇವತ್ತೂ ಹತ್ತಲಿಲ್ಲ. ಸ್ವಿಚ್ ಒತ್ತಿದ ತಕ್ಷಣ ಫಟ್ಟೆಂದು ಎಂಸಿಬಿ ಬಿದ್ದು ಮನೆಯ ಕರೆಂಟೆಲ್ಲ ಹೋಗುತ್ತದೆ. ಟ್ಯೂಬ್ ಬದಲಾಯಿಸಿದೆ, ಸ್ವಿಚ್ ಬದಲಾಯಿಸಿದೆ, ಎಂಸಿಬಿಯನ್ನೇ ಹೊಸದು ಹಾಕಿದೆ. ಥೂ, ಊರಿಗೆಲ್ಲ ವೈರಿಂಗ್ ಮಾಡುವವನು ನಾನು, ನನ್ನ ಮನೆಯ ಒಂದು ದೀಪ ಹತ್ತಿಸಲು ನನ್ನ ಕೈಲಿ ಆಗಲಿಲ್ಲ.

ಸಂಜೆ ಸುಮ್ಮನೆ ಕೂತು ಯೋಚಿಸಿದೆ. ಇದು ಶುರುವಾದದ್ದು ತಮ್ಮ ಶಿವಶಂಕರನ ತಿಥಿಯ ದಿನ. ಮಗನ ಮುಖ ಮಂಚದಿಂದಲೇ ಕಾಣಬೇಕು ಅಂದಿದ್ದಳು ಅವ್ವ. ಅವಳ ಕಣ್ಣಿಗೆ ನೇರವಾಗಿ, ಸ್ವಿಚ್ ಬೋರ್ಡಿನ ಮೇಲ್ಗಡೆ, ನಾನೇ ಮೊಳೆ ಹೊಡೆದು ಫೋಟೊ ಹಾಕಿದ್ದೆ. ಬೋರ್ಡಿನ ನೇರಕ್ಕೆ ಮೊಳೆ ಹೊಡೆಯಬೇಡಿ, ಗೋಡೆಯೊಳಗೆ ವೈರು ಇರುತ್ತದೆ ಎಂದು ಊರಿಗೆಲ್ಲ ಹೇಳುವವನು ನಾನು. ಅವತ್ತು ಬುದ್ಧಿ ಎಲ್ಲಿತ್ತೋ.

ಮೇನ್ ಆಫ್ ಮಾಡಿ, ಫೋಟೊ ಇಳಿಸಲು ಸ್ಟೂಲ್ ಹತ್ತಿದೆ.

"ಮುಟ್‌ಬ್ಯಾಡ ಕಣ್ಲಾ," ಅಂದಳು ಅವ್ವ.

"ಮೊಳೆ ವೈರಿಗೆ ಚುಚ್ಕಂಡದೆ ಕಣವ್ವ. ಕಿತ್ತು ಬ್ಯಾರೆ ಗ್ವಾಡೆಗೆ ಆಕ್ತೀನಿ, ಲೈಟು ಬತ್ತದೆ."

"ಒಂದ್ಸಲ ಎತ್ಕಂಡೋದ್ರಲ್ಲ, ಸಾಲ್ದಾ? ಇನ್ನೊಂದ್ಸಲ ನನ್ನೆದುರ್ಗೆ ಅವ್ನ ಎತ್‌ಬ್ಯಾಡ."

ಇಳಿದುಬಿಟ್ಟೆ. ಟ್ಯೂಬ್‌ಲೈಟಿಗೆ ಹೋಗುವ ವೈರನ್ನೇ ಬೋರ್ಡಿನಲ್ಲಿ ಬಿಚ್ಚಿ ಟೇಪ್ ಸುತ್ತಿ, ಮೇನ್ ಆನ್ ಮಾಡಿದೆ. ಮಿಕ್ಕ ಮನೆಗೆಲ್ಲ ಕರೆಂಟ್ ಇದೆ. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಹಾಲ್‌ನ ಕತ್ತಲಲ್ಲಿ ಅವ್ವ ಆ ಗೋಡೆಯ ಕಡೆಗೇ ತಿರುಗಿ ಮಲಗಿದ್ದಾಳೆ. ಈಗ ಅವಳಿಗೂ ಆ ಮುಖ ಕಾಣುವುದಿಲ್ಲ.

ಬೆಳಗ್ಗೆ ಇನ್ನೊಮ್ಮೆ ಕೇಳಿ ನೋಡಬಹುದು. ಯಾವ ಬಾಯಲ್ಲಿ ಕೇಳಲಿ? ಅವನು ಸತ್ತ ದಿನ ಚಟ್ಟ ಎತ್ತಿದಾಗಲೂ ಮುಂದಿನ ಹೆಗಲು ನನ್ನದೇ ಆಗಿತ್ತು.