ಹಿಂದಿನ ದೀಪ

ಪ್ರೀತಿಯ ಅಣ್ಣನಿಗೆ,

ದೂರವಾಣಿಯಲ್ಲಿ ನಾನು ಕೂಗಿದರೆ ನಿನ್ನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಆದ್ದರಿಂದ ಈ ಕಾಗದ. ನಿನ್ನ ಸೊಸೆಯ ಕೈಯಲ್ಲಿ, ಸೈಕಲ್ಲಿನೊಂದಿಗೆ ಕಳುಹಿಸುತ್ತಿದ್ದೇನೆ. ನಿನ್ನ ಕಾಲಿನ ಉಳುಕು ಪೂರ್ತಿ ವಾಸಿಯಾಯಿತೆಂದು ಅವಳೇ ಹೇಳಿದಳು.

ಕಳೆದ ತಿಂಗಳು ನನ್ನ ಮನೆಯಲ್ಲಿ ಚದುರಂಗವಾಡಿ ಮುಸ್ಸಂಜೆಯಲ್ಲಿ ಹೊರಟವನು, ಹಿಂದೆ ಬಂದ ಲಾರಿಯ ಸದ್ದು ಕೇಳದೆ ಚರಂಡಿಗೆ ಬಿದ್ದೆಯಲ್ಲ, ಅಂದೇ ಅವಳು ತೀರ್ಪು ಕೊಟ್ಟಿದ್ದಳು: “ಅತ್ತೆ, ಮಾವನಿಗೆ ಕಿವಿ ಕೇಳ್ಸಲ್ಲ, ಸೈಕಲ್ ಲೈಟು ಸತ್ತು ಯಾವ ಕಾಲ ಆಯ್ತೋ. ದೂರದಿಂದ ಕಾಣೋ ಹಾಗೆ ಏನಾದ್ರೂ ಮಾಡಿ, ಇಲ್ಲಾಂದ್ರೆ ಇದು ಗುಜರಿಗೆ.” ಸೈಕಲ್ಲು ಗುಜರಿಗೆ ಹೋದರೆ ನಮ್ಮ ಸಂಜೆಗಳೂ ಅದರೊಡನೆಯೇ ಹೋಗುತ್ತವೆ. ಹಾಗೆಂದು ಅವಳಿಗೆ ಹೇಳುವ ಬದಲು ಸೈಕಲ್ಲನ್ನು ನನ್ನಲ್ಲೇ ಇರಿಸಿಕೊಂಡೆ.

ದೀಪವನ್ನು ನಾನೇ ಮಾಡಿದೆ. ನಿನ್ನ ರೇಡಿಯೊ ಅಂಗಡಿಯ ಮೇಜಿನ ಪಕ್ಕ ನನ್ನನ್ನು ಕೂರಿಸಿಕೊಂಡು, “ಬೆಸುಗೆ ಹೊಳೀಬೇಕು ಕಣೆ, ಮಂಕಾಗಿದ್ರೆ ಹಿಡ್ದಿಲ್ಲ ಅಂತ” ಎಂದು ಕಲಿಸಿದ್ದೆಯಲ್ಲ, ಕೈ ಅದನ್ನು ಮರೆತಿರಲಿಲ್ಲ. ಪ್ರಖರವಾದ ಮೂರು ಕೆಂಪು ಎಲ್‌ಇಡಿ, ಅವುಗಳ ಕಾವು ಹೀರಲು ಅಲ್ಯೂಮಿನಿಯಮ್ ತಗಡು, ನೀರಿಳಿಯದಂತೆ ಬಿಗಿ ಮುಚ್ಚಳದ ಗಾಜಿನಂಥ ಡಬ್ಬಿ. ಒಂದು ಬೆಸುಗೆ ಮಂಕಾಗಿತ್ತು; ಬಿಚ್ಚಿ ಮತ್ತೆ ಹಾಕಿದೆ.

ತಪ್ಪಾದದ್ದು ಬೆಸುಗೆಯಲ್ಲಲ್ಲ, ಭಾಷೆಯಲ್ಲಿ. ಸೈಕಲ್ ರಿಪೇರಿಯವನಿಗೆ ಡಬ್ಬಿಯೊಡನೆ ಚೀಟಿ ಬರೆದುಕೊಟ್ಟೆ: ‘ಹಿಂದಿನ ದೀಪವನ್ನು ಭದ್ರವಾಗಿ ಕೂರಿಸತಕ್ಕದ್ದು.’ ಸಂಜೆ ಹೋಗಿ ನೋಡಿದರೆ, ವರ್ಷಗಳಿಂದ ಜೋತಾಡುತ್ತಿದ್ದ ನಿನ್ನ ಹಳೆಯ ಸತ್ತ ದೀಪವೇ ಹೊಸ ತಿರುಪುಗಳಲ್ಲಿ ಠೀವಿಯಿಂದ ಕುಳಿತಿದೆ!

“ನೀವೇ ಬರ್ದಿದ್ದೀರಲ್ಲಮ್ಮ, ಹಿಂದಿನ ದೀಪ ಅಂತ. ಹೊಸದು ಮುಂದಿನ ಸಲಕ್ಕೇನೋ ಅಂದ್ಕೊಂಡೆ. ಬ್ಯಾಕ್ ಲೈಟು ಅಂತ ಬರ್ದಿದ್ರೆ ಮುಗ್ದು ಹೋಗ್ತಿತ್ತು!”

ನಲವತ್ತು ವರ್ಷ ಅಚ್ಚುಕೂಟದಲ್ಲಿ ಪರರ ಕರಡುಗಳ ಸಂದಿಗ್ಧತೆಗಳನ್ನು ತಿದ್ದಿದವಳು ನಾನು. ಚೀಟಿಯನ್ನು ಹಿಂದಕ್ಕೆ ಪಡೆದು ‘ಹಿಂಬದಿಯ ಹೊಸ ದೀಪ’ ಎಂದು ತಿದ್ದಿಕೊಟ್ಟೆ. ‘ಬ್ಯಾಕ್ ಲೈಟು’ ಮಾತ್ರ ಬರೆಯಲಿಲ್ಲ.

ನಿನ್ನೆ ಮುಸ್ಸಂಜೆ ಪರೀಕ್ಷೆ. ಸೊಸೆ ಬೀದಿಯ ತುದಿಯಲ್ಲಿ ನಿಂತಳು. ನಾನು ಗುಂಡಿ ಒತ್ತಿದೆ. “ಅಯ್ಯೋ ಅತ್ತೆ, ಆರ್ಸಿ! ಕಣ್ಣೇ ಹೋಯ್ತು!” ಹಿಂದೆ ಬರುವವರ ಕಣ್ಣು ಕುಕ್ಕದಂತೆ ದೀಪವನ್ನು ತುಸು ನೆಲದತ್ತ ಬಾಗಿಸಿದೆ. ಅವಳು ಮತ್ತೊಮ್ಮೆ ದೂರ ಹೋಗಿ ನೋಡಿ ಬಂದು, “ಸರಿ, ಮಾವ ಆಡ್ಕೊಂಡು ಬರ್ಲಿ. ಸೋತು ಬಂದು ನಮ್ಮ ಮೇಲೆ ರೇಗದಿದ್ರೆ ಸಾಕು” ಎಂದಳು. ಗೆದ್ದೆವು, ಅಣ್ಣ!

ಗುಂಡಿ ಸೀಟಿನ ಕೆಳಗಿದೆ. ಮರೆಯದೆ ಒತ್ತು.

ಎಂದೂ ಹೇಳದ ಮಾತೊಂದಿದೆ. ನೀನು ಹೊರಟೊಡನೆ ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ. ಮೂರನೆಯ ಮನೆ ದಾಟುವುದರೊಳಗೆ ಮಬ್ಬು ನಿನ್ನನ್ನು ನುಂಗುತ್ತಿತ್ತು, ಆಮೇಲೆಯೂ ನಿಂತಿರುತ್ತಿದ್ದೆ. ಇನ್ನು ಬಹುದೂರ ಕಾಣುತ್ತೀಯೆ. ನಾನು ನಿಂತಿದ್ದೇನೆಯೇ ಎಂದು ತಿರುಗಿ ನೋಡಬೇಡ. ದಾರಿ ನೋಡಿಕೊಂಡು ಹೋಗು.

ನಿನ್ನ ದಾರಿ ನಿಚ್ಚಳವಾಗಿರಲಿ. ನಾಳೆ ಬಾ.

ನಿನ್ನನ್ನು ಸೋಲಿಸಲು ಕಾದಿರುವ,
ತಂಗಿ