ಹನ್ನೊಂದು ಗೇಣು ಹಿಮ

ಐಸ್ ಕಾರ್ಖಾನೆ, ಯಂತ್ರದ ಕೋಣೆ
ಹದಿನಾಲ್ಕನೇ ತಾರೀಕು, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಕ್ಕಾ,

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ, ಇಲ್ಲದಿದ್ದರೆ ನೀನು ಓದುತ್ತಲೇ ಮನಸ್ಸಿನಲ್ಲಿ ಕೂಡಿಸುತ್ತಾ ಹೋಗುತ್ತೀಯ. ಒಂದು ಹೊಸ ಬೆಲ್ಟು, ಎರಡು ಡಬ್ಬ ಎಣ್ಣೆ, ಒಂದು ಸಿಲಿಂಡರ್ ಅಮೋನಿಯಾ, ಫಿಟ್ಟರಣ್ಣನ ಹದಿಮೂರು ದಿನದ ದುಡಿಮೆ, ನನ್ನ ಮೂರು ಅಂಗಿ, ನನ್ನವಳು ನನ್ನೊಡನೆ ಮಾತು ಬಿಟ್ಟ ನಾಲ್ಕು ದಿನ. ಕೊನೆಯದನ್ನು ಖರ್ಚಿಗೆ ಹಾಕಬೇಕೋ ಜಮೆಗೆ ಹಾಕಬೇಕೋ ಇನ್ನೂ ತೀರ್ಮಾನಿಸಿಲ್ಲ, ಅವಳಿಗೆ ಹೇಳಬೇಡ. ಈಗ ಹೇಳು, ನಿನ್ನ ಮಂಡಿ ನೋವು ಹೇಗಿದೆ? ಭಾವ ಪಥ್ಯ ಅಂತ ಹೇಳಿಕೊಂಡು ನಿನ್ನ ತಟ್ಟೆಗೆ ಕೈ ಹಾಕುವುದನ್ನು ಬಿಟ್ಟರೋ ಇಲ್ಲವೋ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರಿಗಿಂತ ಚೆನ್ನಾಗಿರುವುದು ಅಪ್ಪ ನಡೆಸುತ್ತಿದ್ದ ಯಂತ್ರ. ಹತ್ತು ವರ್ಷ ತುಕ್ಕು ಹಿಡಿದು ನಿಂತಿದ್ದ ಕಂಪ್ರೆಸರ್ ಇಂದು ಬೆಳಗ್ಗೆ ಮಂಜುಗಡ್ಡೆ ಕಟ್ಟಿತು ಕಣೇ. ಹಳೇ ಯಜಮಾನರ ಷರತ್ತು ನಿನಗೆ ಗೊತ್ತಲ್ಲ: ಹದಿನಾಲ್ಕರೊಳಗೆ ಗಡ್ಡೆ ತೋರಿಸಿದರೆ ಕಾರ್ಖಾನೆ ಬಾಡಿಗೆಗೆ ನನ್ನದು, ಇಲ್ಲದಿದ್ದರೆ ಹದಿನೈದಕ್ಕೆ ಗುಜರಿಯವನು ಕಟರ್ ತಂದು ಯಂತ್ರವನ್ನು ತುಂಡು ಮಾಡುತ್ತಾನೆ. ಅವನಂತೂ ದಿನಾ ಸಂಜೆ ಕಡಲೆಕಾಯಿ ತಿನ್ನುತ್ತಾ ಬಂದು, ದೊಡ್ಡ ಚಕ್ರವನ್ನು ಬೆರಳಿನಿಂದ ಕುಟ್ಟಿ, ಕಣ್ಣಲ್ಲೇ ತೂಕ ಹಾಕಿಕೊಂಡು ಹೋಗುತ್ತಿದ್ದ. ನೀನೂ ಫೋನಿನಲ್ಲಿ "ಹೋಗಲಿ ಬಿಡೋ, ಹಳೇ ಕಬ್ಬಿಣ" ಅಂದಿದ್ದೆ. ಇದೇ ಅಂಗಳದಲ್ಲಿ ಕೊಕ್ಕೆ ಹಿಡಿದು ಗಡ್ಡೆ ಎಳೆಯುತ್ತಾ ಶುರುಮಾಡಿ ಮೂರು ಲಾರಿ ಮಾಡಿಕೊಂಡವನು ನಾನು. ಲಾಭ ಕಾಣದ ಕಡೆ ಇವನು ಕೈ ಹಾಕುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಂಬಿಕೊಂಡಿರಲಿ.

ನಮ್ಮ ಕೈಗೆ ಸಿಕ್ಕಿದ್ದು ಒಂದೇ ದಿನಚರಿ ಪುಸ್ತಕ, ನಿನ್ನ ಗುಂಡು ಅಕ್ಷರದ್ದು. ಅಪ್ಪನಿಗೆ ಓದು ಬರಹ ಬಾರದು, ಅವರು ಹೇಳುತ್ತಿದ್ದರು, ಒಂಬತ್ತು ವರ್ಷದ ನೀನು ಬರೆಯುತ್ತಿದ್ದೆ. ಮೊದಲ ಹಾಳೆಯಲ್ಲಿ ಯಂತ್ರದ ಜಾತಕವೇ ಇದೆ: "ಇದು ಮೊದಲು ಹಡಗಿನಲ್ಲಿ ಮಾಂಸ ಕೆಡದಂತೆ ಕಾಯುತ್ತಿತ್ತು. ಇಲ್ಲಿಗೆ ಬಂದ ಮೇಲೆ ಹಬೆ ಎಂಜಿನ್ ತಿರುಗಿಸಿತು, ಆಮೇಲೆ ಡೀಸೆಲ್, ಈ ತಿಂಗಳಿಂದ ಕರೆಂಟು. ಚಕ್ರ ಮಾತ್ರ ಅದೇ. ಅಪ್ಪನಿಗೆ ಹಸಿವಾಗಿದೆ, ಉಳಿದದ್ದು ಊಟದ ಮೇಲೆ." ಊಟದ ಮೇಲೆ ನೀನು ಏನೂ ಬರೆದಿಲ್ಲ, ನಿದ್ದೆ ಹೋಗಿರಬೇಕು. ಆದರೆ ಮೊದಲಿಂದ ತಿರುವಿದ ಹಾಳೆಗಳ ಕೆಳಗೆಲ್ಲ ಒಂದು ಸಾಲಿದೆ: "ತೊಟ್ಟಿಯಿಂದ ಹನ್ನೊಂದು ಗೇಣು ಹಿಮ. ಸರಿ."

ಐಸ್ ತೊಟ್ಟಿಯಿಂದ ಯಂತ್ರಕ್ಕೆ ವಾಪಸು ಬರುವ ಕೊಳವೆಯ ಮೈಮೇಲೆ ಬಿಳಿ ಹಿಮ ಎಲ್ಲಿಯವರೆಗೆ ಕಟ್ಟುತ್ತದೆ ಎಂಬುದರ ಅಳತೆ ಅದು. ಹಿಮ ಬೇಗ ನಿಂತರೆ ಗಡ್ಡೆ ಕಟ್ಟುವುದಿಲ್ಲ. ಹಿಮ ಯಂತ್ರದ ಹತ್ತಿರದವರೆಗೂ ಬಂದರೆ ಅಮೋನಿಯಾ ಅನಿಲದ ಜೊತೆ ದ್ರವವೂ ಒಳಗೆ ನುಗ್ಗಿ ಏಟು ಹೊಡೆಯುತ್ತದೆ. ಫಿಟ್ಟರಣ್ಣನ ಕೈ ಮೊರದಗಲ. ಆತ ತನ್ನ ಗೇಣಿನಲ್ಲಿ ಹನ್ನೊಂದು ಅಳೆದು, ಹಿಮ ಅಲ್ಲಿಗೆ ಬರುವ ತನಕ ವಾಲ್ವು ತಿರುಗಿಸಿದ. ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ದಡ್ ದಡ್ ಅಂತು. ನಿಲ್ಲಿಸಿದೆವು. ಮೂರು ದಿನ ಇದೇ ಕಥೆ. "ಪುಸ್ತಕ ಬರೆದೋರಿಗೆ ಲೆಕ್ಕ ಬರ್ತಿರ್ಲಿಲ್ಲ ಅನ್ಸುತ್ತೆ ಯಜಮಾನ್ರೇ" ಅಂದ. "ನಮ್ಮಕ್ಕ ನನ್ ಜೇಬಲ್ಲಿರೋ ಚಿಲ್ಲರೇನ ಹೊರಗಿಂದ್ಲೇ ಎಣಿಸ್ತಿದ್ಲು, ಬಾಯ್ಮುಚ್ಚು" ಅಂದೆ. ಅಂದೆನೇ ಹೊರತು ನನಗೂ ಅನುಮಾನ ಶುರುವಾಗಿತ್ತು.

ನಿನ್ನೆ ಮಧ್ಯಾಹ್ನ ಪುಸ್ತಕವನ್ನು ಕೊನೆಯಿಂದ ತಿರುವಿದೆ. ಕೊನೆಯ ಹಾಳೆಗಳಲ್ಲಿ ಹನ್ನೊಂದು ಇಲ್ಲ, ಹತ್ತು. ಯಂತ್ರ ಅದೇ, ಕೊಳವೆ ಅದೇ. ಹಿಮ ಕುಗ್ಗಿರಲಿಲ್ಲ ಅಕ್ಕಾ, ಎರಡು ವರ್ಷದಲ್ಲಿ ನಿನ್ನ ಕೈ ಬೆಳೆದಿತ್ತು. ಅಪ್ಪ ನಿನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳೆಸುತ್ತಿದ್ದದ್ದು, ಬೆರಳು ಮರಗಟ್ಟಿತೆಂದು ನೀನು ಅವರ ಕಂಕುಳಿಗೆ ಕೈ ತುರುಕುತ್ತಿದ್ದದ್ದು ಆಗ ನೆನಪಿಗೆ ಬಂತು. ಈಗ ಆ ಪುಟ್ಟ ಕೈಯನ್ನು ಎಲ್ಲಿಂದ ತರುವುದು? ನಿನಗೂ ನೆನಪಾಗಿರಬೇಕು. ಪುಸ್ತಕ ಶುರುವಾದ ತಿಂಗಳೇ, ಕರೆಂಟು ಮೋಟರಿಗೆ ಕಾಂಕ್ರೀಟು ಹಾಕಿದ ದಿನ, ಹಸಿ ಗಾರೆಗೆ ಬೆರಳು ಅಗಲಿಸಿ ಅಂಗೈ ಒತ್ತಿ, ಅಪ್ಪನಿಂದ ಜೀವಮಾನದ ಒಂದೇ ಏಟು ತಿಂದೆಯಲ್ಲ. ಚಾಡಿ ಹೇಳಿದನೆಂದು ಆ ಗಾರೆಯವನಿಗೆ ಇವತ್ತಿಗೂ ಶಾಪ ಹಾಕುತ್ತೀಯಲ್ಲ.

ಮೋಟರಿನ ಬುಡದಲ್ಲಿ ಬಗ್ಗಿ ಕೂತು ಎಣ್ಣೆಜಿಡ್ಡು ಕೆರೆದೆ. ಐದು ಬೆರಳೂ ಇದ್ದವು. ಹೆಬ್ಬೆರಳಿನಿಂದ ಕಿರುಬೆರಳಿಗೆ ದಾರ ಹಿಡಿದು ಹನ್ನೊಂದು ಸಲ ಅಳೆದೆವು. ಫಿಟ್ಟರಣ್ಣ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ. ಹಿಮ ಹಿಂದೆ ಸರಿದು ದಾರದ ತುದಿಗೆ ಬಂದು ನಿಂತಿತು, ದಡ್ ದಡ್ ನಿಂತಿತು. ಇಂದು ಬೆಳಗ್ಗೆ ಅಚ್ಚಿನಿಂದ ಜಾರಿದ ಗಡ್ಡೆಯ ಆಚೆ ಹಳೇ ಯಜಮಾನರು ಪೇಪರ್ ಹಿಡಿದು ಈಚೆಯಿಂದ ಅದರ ಅಕ್ಷರ ಓದಿದರು, ಬೀಗದ ಕೈ ನನ್ನ ಕೈಗಿಟ್ಟರು. ಗುಜರಿಯವನು ಗೋಣಿಚೀಲದಲ್ಲಿ ಒಂದು ತುಂಡು ಸುತ್ತಿಕೊಂಡು, "ಮಕ್ಕಳಿಗಾದ್ರೂ ಆಗ್ಲಿ" ಅಂತ ಹೋದ. ಫಿಟ್ಟರಣ್ಣ ಆ ಅಂಗೈ ಗುರುತಿನ ಸುತ್ತ ಕೆಂಪು ಬಣ್ಣ ಬಳಿದು, ಯಾರೂ ಕಾಲಿಡಬಾರದು ಎಂದು ತಾಕೀತು ಮಾಡಿದ್ದಾನೆ. ನನ್ನನ್ನೂ ಸೇರಿಸಿ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಮಂಡಿಗೆ ಐಸ್ ಇಟ್ಟುಕೋ, ಈಗ ನಮ್ಮದೇ ಇದೆ.

ನಿನ್ನ ತಮ್ಮ,
ಐಸ್ ಕಾರ್ಖಾನೆಯ ಹೊಸ ಬಾಡಿಗೆದಾರ

ತಾ.ಕ.: ಲಾರಿ ಹೊರಟು ನಿಂತಿದೆ, ಚಾಲಕ ಹಾರ್ನ್ ಹೊಡೆಯುತ್ತಿದ್ದಾನೆ. ಚಾಡಿ ಹೇಳಿದ್ದು ಗಾರೆಯವನಲ್ಲ, ನಾನು. ಬಂದು ಕಿವಿ ಹಿಂಡು, ನಿನ್ನ ಸ್ಟೂಲು ಒರೆಸಿಟ್ಟಿದ್ದೇನೆ. ಆವತ್ತಿನ ಲೆಕ್ಕ ಇಷ್ಟು: ನಿನಗೆ ಒಂದು ಏಟು, ಗಾರೆಯವನಿಗೆ ಐವತ್ತು ವರ್ಷದ ಬೈಗುಳ, ನನಗೆ ಎರಡು ಪೆಪ್ಪರಮಿಂಟು, ಯಂತ್ರಕ್ಕೆ ಒಂದು ಗೇಣು.