ನಡುಗುವ ಕೈ: ನೀವು ಹೇಳಿದ್ದು, ನಾನು ಬರೆದದ್ದು

ಪ್ರೀತಿಯ ವಾಚಿನ ಕಾಕಾ,

ನೀವು ಹೋದ ಮೇಲೆ ‘ಸಿಡಿಲುಗೈ’ ಕಾಮಿಕ್ಸಿನ ಎರಡು ಸಂಚಿಕೆ ಬಂದಿವೆ. ನಿಮ್ಮ ಅಂಗಡಿಯ ಶಟರ್ ಎಳೆದಿರುವುದರಿಂದ ಪೋಸ್ಟ್‌ಮ್ಯಾನ್ ಅವನ್ನು ಪಕ್ಕದ ನಮ್ಮ ಟೈಲರ್ ಅಂಗಡಿಗೆ ಕೊಟ್ಟು ಹೋದ. ಎರಡನ್ನೂ ಓದಿದೆ. ಅದರಲ್ಲಿ ಬಂದ ಒಂದು ವಿಷಯ ನಿಮಗೆ ಹೇಳಲೇಬೇಕು. ಎದುರಿಗಿದ್ದಾಗ ಬಾಯಿ ಬರಲಿಲ್ಲ, ಈಗಲಾದರೂ...

ಮೊದಲ ಸಲ ನೀವು ಪುಸ್ತಕ ಹಿಡಿದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದು ನೆನಪಿದೆಯೇ? ನಾನು ಬ್ಲೌಸಿಗೆ ಹುಕ್ ಹಾಕುತ್ತಾ ಕೂತಿದ್ದೆ. “ಪುಷ್ಪಾ, ನಿನ್ನ ಅಕ್ಷರ ಚೆನ್ನಾಗಿದ್ಯನೆ?” ಅಂದಿರಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಎಂದು ಪಿಸುಗುಟ್ಟಿದೆ. “ಸಿಡಿಲುಗೈಗೆ ಏಳನೇ ಕ್ಲಾಸು ಜಾಸ್ತಿನೇ ಆತು ಮಾರಾಯ್ತಿ. ನಾನು ಹೇಳ್ತೀನಿ, ನೀನು ಬರಿ,” ಎಂದು ಇನ್‌ಲ್ಯಾಂಡ್ ಲೆಟರ್ ಮುಂದಿಟ್ಟಿರಿ. ಬಲಗೈಯನ್ನು ಜುಬ್ಬಾದ ಜೇಬಿನಿಂದ ತೆಗೆಯಲೇ ಇಲ್ಲ. ಕಣ್ಣಿಗೆ ಕಾಣದಂಥ ಸ್ಕ್ರೂ ತಿರುಗಿಸುತ್ತಿದ್ದ ಆ ಕೈ ನಡುಗಲು ಶುರುವಾಗಿ, ರಿಪೇರಿ ನಿಂತು, ನೀವು ಬರೀ ವಾಚಿನ ಪಟ್ಟಿ ಮಾರುತ್ತಿದ್ದ ಕಾಲ ಅದು. ಆಮೇಲೆ ನಾಲ್ಕು ವರ್ಷ, ಪ್ರತಿ ಸಂಚಿಕೆಗೂ ನಿಮ್ಮ ಅಭಿಪ್ರಾಯವನ್ನು ನಾನೇ ಬರೆದೆ. ‘ಓದುಗರು ಹೀಗೆನ್ನುತ್ತಾರೆ’ ಪುಟದಲ್ಲಿ ‘ಹಸನ್ ಸಾಹೇಬ್, ಕೊಪ್ಪ’ ಎಂದು ಅಚ್ಚಾದ ದಿನ ನೀವು ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ ತೋರಿಸಿಕೊಂಡು ಬರುತ್ತಿದ್ದಿರಿ.

ಶೃಂಗೇರಿ ಬಸ್ಸಿನ ಕಂಡಕ್ಟರ್ ಸತೀಶಣ್ಣ, ಬಸ್ಸು ನಿಂತ ಹತ್ತು ನಿಮಿಷದಲ್ಲೇ ಇಡೀ ಪುಸ್ತಕ ಮುಗಿಸುತ್ತಿದ್ದುದು ನೆನಪಾದರೆ ಈಗಲೂ ನಗು ಬರುತ್ತದೆ.

“ಎಂತ ಕಾಕಾ ಇದು? ಒಂದು ಹೊಡೆತನೂ ಇಲ್ಲ. ಎಲ್ರೂ ಮಾತಾಡ್ತಾ ಕೂತಿದಾರೆ.”

“ನಿನ್ನ ಬಸ್ಸಿನ ಹಂಗೆ. ಹೊರಡೋದೇ ಇಲ್ಲ.”

“ಬಣ್ಣ ಮಾತ್ರ ಭಾರಿ ಚಂದ ಹಾಕಿದಾರೆ ಬಿಡಿ.”

“ಬಣ್ಣ ನೋಡೋಕೆ ಸೀರೆ ಅಂಗಡಿಗೆ ಹೋಗು ಮಾರಾಯ. ಕತೆ ಹೇಳು, ಕತೆ!”

ಆಮೇಲೆ ನನ್ನ ಕಡೆ ತಿರುಗುತ್ತಿದ್ದಿರಿ. “ಪುಷ್ಪಾ, ನೀನು ಎಂತ ಹೇಳ್ತೀಯೆ?” ನಾನು ಸೂಜಿಯ ಮೇಲೆ ಬಗ್ಗಿ “ಚೆನ್ನಾಗಿದೆ” ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನ್ನ ಬಾಯಿಂದ ಎಂದಾದರೂ ಬಂದಿತ್ತೇ?

ನೀವು ಓದಿದ ಕೊನೆಯ ಸಂಚಿಕೆ ಬಂದ ದಿನ ಸಿಟ್ಟಾಗಿದ್ದಿರಿ. ಸಿಡಿಲುಗೈಗೆ ವಯಸ್ಸಾಗಿತ್ತು. ಕಳ್ಳರ ಮೇಲೆ ಬಿಟ್ಟ ಸಿಡಿಲು ಗುರಿ ತಪ್ಪಿ ಸೇತುವೆಗೆ ಬಡಿದಿತ್ತು. ಒಂದು ಇಡೀ ಪುಟದಲ್ಲಿ ಅವನು ತನ್ನ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು ಕೂತಿದ್ದ. ನೀವು ಆ ಪುಟವನ್ನು ಬೇಗ ಮಗುಚಿದಿರಿ. “ಬರಿ,” ಅಂದಿರಿ. “ಸಿಡಿಲುಗೈಯ ಕೈ ನಡುಗಬಾರದು. ನಡುಗುವ ಕೈ ನೋಡಲು ನಾವು ಪುಸ್ತಕ ತರಿಸಬೇಕಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಸರಿ ಮಾಡಿ.”

ಕಾಕಾ, ನಾನು ಅದನ್ನು ಬರೆಯಲಿಲ್ಲ.

ನಾನು ಬರೆದದ್ದು ಹೀಗೆ: “ಇಷ್ಟು ವರ್ಷದಲ್ಲಿ ಮೊದಲ ಸಲ ಸಿಡಿಲುಗೈ ನನಗೆ ಗೊತ್ತಿರುವ ಮನುಷ್ಯನ ಹಾಗೆ ಕಂಡ. ಆ ನಡುಕ ಚೆಂದವಾಗಿದೆ. ದಯವಿಟ್ಟು ಸರಿ ಮಾಡಬೇಡಿ.” ಕೆಳಗೆ ನಿಮ್ಮ ಹೆಸರು ಹಾಕಿದೆ. ಓದಿ ಹೇಳು ಅಂದಾಗ, ಕಾಗದ ನೋಡುತ್ತಾ ನಿಮ್ಮ ಮಾತುಗಳನ್ನೇ ಒಪ್ಪಿಸಿದೆ. ನೀವು ಕಣ್ಣು ಮುಚ್ಚಿ ತಲೆಯಾಡಿಸಿದಿರಿ. ಎಲ್ಲಿಂದ ಬಂತು ನನಗೆ ಅಂಥ ಧೈರ್ಯ? ನನ್ನ ಹೆಸರಲ್ಲಿ ಒಂದು ಸಾಲು ಬರೆಯದವಳು ನಿಮ್ಮ ಹೆಸರಿನ ಹಿಂದೆ ಅಡಗಿ...

ಮುಂದಿನ ವಾರ ಹೇಳೋಣ, ಅದರ ಮುಂದಿನ ವಾರ ಹೇಳೋಣ ಅಂದುಕೊಂಡೆ. ಮೂರನೇ ವಾರ ಒಂದು ಬೆಳಿಗ್ಗೆ, ದಿನಾ ಬರುತ್ತಿದ್ದ ಎನ್.ಆರ್. ಪುರದ ಬಸ್ಸಿನಿಂದ ನೀವು ಇಳಿಯಲಿಲ್ಲ. ನೀವು ತೀರಿಕೊಂಡ ಸುದ್ದಿ ತಂದವರು ಸತೀಶಣ್ಣ. ಆ ದಿನ ಅವರು ಪುಸ್ತಕ ಕೇಳಲಿಲ್ಲ.

ನೀವು ಹೋದ ಮೇಲಿನ ಮೊದಲ ಸಂಚಿಕೆ ಬಂದಾಗ ಆ ಪತ್ರ ಪುಟದ ತಲೆಯಲ್ಲೇ ಅಚ್ಚಾಗಿತ್ತು. ಒಂದು ಗಳಿಗೆ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಎರಡನೆಯದರಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹೆಂಗಸು ಅದಕ್ಕೆ ಉತ್ತರ ಬರೆದಿದ್ದರು. “ಕೊಪ್ಪದ ಹಿರಿಯರಿಗೆ ನಡುಕ ಚೆಂದ ಕಂಡಿತಂತೆ. ನನ್ನ ತಂದೆಯ ಹಾಗೆ ಒಂದು ದಿನ ಚಹಾ ಲೋಟ ಹಿಡಿಯಲಾಗದೆ ಕೂತಿದ್ದರೆ ಹೀಗೆ ಬರೆಯುತ್ತಿರಲಿಲ್ಲ.” ಅರ್ಧ ಲೋಟ ಚಹಾ ತರಿಸಿ, ಗಿರಾಕಿಗಳು ಹೋದ ಮೇಲೆ, ಗೋಡೆಯ ಕಡೆ ತಿರುಗಿ, ಎರಡೂ ಕೈಯಲ್ಲಿ ಎತ್ತಿ ಕುಡಿಯುತ್ತಿದ್ದ ನಿಮಗೆ ಈ ಮಾತು!

ಸತೀಶಣ್ಣ ಅದನ್ನು ಎರಡು ಸಲ ಓದಿದರು. “ಕಾಕಾ ಹಿಂಗೆ ಬರೆಸಿದ್ರಾ? ನನ್ನ ಹತ್ರ ಬೇರೆನೇ ಹೇಳಿದ್ರಲ್ಲೆ.”

“ಅದು ನಾನು ಬರ್ದಿದ್ದು,” ಅಂದೆ. ಕೈಯಲ್ಲಿದ್ದ ಸೂಜಿ ಎಲ್ಲೋ ಬಿತ್ತು.

“ಎಂಥ ಕೆಲಸ ಮಾಡಿದೆ ಮಾರಾಯ್ತಿ!” ಅಂದರು. ಡ್ರೈವರ್ ಹಾರನ್ ಹೊಡೆದರೂ ಏಳಲಿಲ್ಲ. “ಹೋಗ್ಲಿ, ಸುಮ್ನಿರು. ಯಾರಿಗೆ ಗೊತ್ತಾಗ್ತದೆ?”

ಯಾರಿಗೂ ಗೊತ್ತಾಗುವುದಿಲ್ಲ, ನಿಜ. ಆದರೆ ನಿಮ್ಮ ಹೆಸರು ಆ ಪುಟದಲ್ಲಿ ನೀವು ಆಡದ ಮಾತಿಗೆ ಬೈಸಿಕೊಂಡು ನಿಂತಿರುತ್ತದಲ್ಲ?

ಅದಕ್ಕೇ ಸೋಮವಾರ ಸಂಪಾದಕರಿಗೆ ಒಂದು ಪತ್ರ ಹಾಕಿದೆ. ಮೊದಲು ನೀವು ಹೇಳಿದ ಮೂರು ಸಾಲು, ಹೇಳಿದ ಹಾಗೇ, ಒಂದು ಅಕ್ಷರ ತಿದ್ದದೆ. ಬಲಗೈ ನಡುಗುತ್ತಿದ್ದ ಒಬ್ಬರು ಹೇಳಿ ಬರೆಸಿದ್ದು ಇದು, ಅಚ್ಚಾದದ್ದು ಬರೆದವಳ ಮಾತು, ತಪ್ಪು ಅವಳದು ಎಂದು ಬರೆದೆ. ಆಮೇಲೆ ನನ್ನ ಅಭಿಪ್ರಾಯ: “ನಡುಕವನ್ನು ಚೆಂದ ಅಂದದ್ದು ತಪ್ಪು, ಅದು ಚೆಂದವಲ್ಲ. ಆದರೆ ಕೈ ನಡುಗುತ್ತದೆಂದು ಸಿಡಿಲುಗೈಯನ್ನು ಕತೆಯಿಂದ ಕಳಿಸಬೇಡಿ. ಹಾಗಿದ್ದೂ ದಿನಾ ಅಂಗಡಿಯ ಬಾಗಿಲು ತೆಗೆಯುವವರನ್ನು ನಾನು ಕಂಡಿದ್ದೇನೆ.” ಕೆಳಗೆ ನನ್ನ ಹೆಸರು, ನನ್ನ ಊರು, ‘ಪುಷ್ಪಾ, ಮೇಗುಂದ’ ಎಂದು ಹಾಕಿದೆ. ಆ ಎರಡು ಪದ ಬರೆಯಲು ಇಡೀ ಪತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಅಚ್ಚಾದರೆ ನಾವಿಬ್ಬರೂ ಒಂದೇ ಪುಟದಲ್ಲಿ ಇರುತ್ತೇವೆ, ಕಾಕಾ. ನೀವು ಬೇಡ ಅಂದದ್ದು, ನಾನು ಇರಲಿ ಅಂದದ್ದು, ಎದುರೆದುರು ಕೂತು ಜಗಳ ಆಡಿದ ಹಾಗೆ. ನೀವಿದ್ದಾಗಲೇ ಒಂದು ದಿನವಾದರೂ ಆಡಬೇಕಿತ್ತು.

ನಿಮ್ಮ
ಪುಷ್ಪಾ